ಬಾಗಿಲಲ್ಲಿ ನಿಂತುಹೋದ ಹೆಂಗಸು

“ಮೇಡಂ, ನನಗೆ ಸಿಕ್ಕಿದ್ದನ್ನು ಪಕ್ಕದ ಲ್ಯಾಬಿನವರಿಗೆ ನಾನೇಕೆ ತೋರಿಸಬೇಕು?”

ಕೇಳಿದವಳು ಶಾಹಿದಾ. ವಿಶ್ವವಿದ್ಯಾಲಯದ ಮಿದುಳು ಸಂಶೋಧನಾ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಿದ್ದೆಯಲ್ಲಿರುವವರ ಮಿದುಳಿನ ಅಲೆಗಳಲ್ಲಿ ಯಾರೂ ಹೇಳದ ಒಂದು ಏರಿಳಿತ ಅಂದು ಬೆಳಿಗ್ಗೆ ಅವಳ ಕಣ್ಣಿಗೆ ಬಿದ್ದಿತ್ತು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತೋರಿಸಿದರೆ ಅದು ತನ್ನದಾಗಿ ಉಳಿಯುತ್ತದೋ ಇಲ್ಲವೋ ಎಂಬ ಅಳುಕೂ ಇತ್ತು.

ಪ್ರೊಫೆಸರ್ ನಾಗವೇಣಿ ನಕ್ಕರು. ಆಮೇಲೆ ಹೇಳತೊಡಗಿದರು.

“ಒಬ್ಬ ಸಂಶೋಧಕನಿದ್ದ. ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಹೆಜ್ಜೆ ಕೀಳಲಾಗದೆ ನಿಂತುಬಿಡುವ ಕಾಯಿಲೆಯನ್ನು ಅವನು ಅಧ್ಯಯನ ಮಾಡುತ್ತಿದ್ದ. ಕಾಲು ನಿಲ್ಲುವ ಮುನ್ನ ಮಿದುಳಿನಲ್ಲಿ ಒಂದು ಅಲೆ ಏಳುವುದನ್ನು ಕಂಡುಕೊಂಡ. ಯಾರಿಗೂ ಹೇಳಲಿಲ್ಲ. ಅದೇ ಆವರಣದಲ್ಲಿ ಒಬ್ಬ ಎಂಜಿನಿಯರ್ ಇದ್ದಳು. ಪಾದಕ್ಕೆ ಮೆಲ್ಲಗೆ ತಟ್ಟಿ ನಡಿಗೆಯನ್ನು ಮತ್ತೆ ಹೊರಡಿಸುವ, ಕಾಲಿಗೆ ಕಟ್ಟುವ ಪಟ್ಟಿಯೊಂದನ್ನು ಮಾಡಿದ್ದಳು. ಯಾವ ಗಳಿಗೆಯಲ್ಲಿ ತಟ್ಟಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಳು. ಅವಳೂ ಯಾರನ್ನೂ ಕೇಳಲಿಲ್ಲ.

ಆ ಕಾಯಿಲೆಯ ಒಬ್ಬ ಹೆಂಗಸು ಇಬ್ಬರ ಬಳಿಗೂ ಬರುತ್ತಿದ್ದಳು. ಒಂದು ದಿನ ಸಂಶೋಧಕ ಅವಳ ತಲೆಗೆ ಅಲೆ ಅಳೆಯುವ ತಂತಿಗಳ ಟೋಪಿ ಹಾಕಿ ನಡೆಸುತ್ತಿದ್ದಾಗ ಬಾಗಿಲಲ್ಲೇ ಅವಳ ಕಾಲು ನಿಂತುಹೋಯಿತು. ಒಳಗೆ ಅವನು. ಅವಳನ್ನು ಕರೆದೊಯ್ಯಲು ಬಂದಿದ್ದ ಎಂಜಿನಿಯರ್ ಹೊರಗೆ. ನಡುವೆ ಅವಳು.

‘ನೀವು ನಿಲ್ಲುತ್ತೀರೆಂದು ನನಗೆ ಮೊದಲೇ ಗೊತ್ತಾಗಿತ್ತು’ ಎಂದು ಅವನ ಬಾಯಿಂದ ಬಂದುಬಿಟ್ಟಿತು.

‘ಎಷ್ಟು ಮೊದಲು?’ ಹೊರಗಿನಿಂದ ಎಂಜಿನಿಯರ್ ಕೂಗಿದಳು.

‘ಒಂದು ಹೆಜ್ಜೆಯಷ್ಟು.’

‘ನನಗೆ ಅಷ್ಟೇ ಸಾಕು!’

ಹೆಂಗಸಿನ ಹೆಗಲ ಮೇಲಿಂದಲೇ ಇಬ್ಬರ ನಡುವೆ ಮಾತು ಶುರುವಾಯಿತು, ನಿಲ್ಲಲಿಲ್ಲ. ‘ನಿಮ್ಮ ಮಾತು ಆಮೇಲೆ, ಮೊದಲು ನನ್ನನ್ನು ದಾಟಿಸಿ’ ಎಂದಳು ಅವಳು.

ಅಂದಿನಿಂದ ಎರಡೂ ಲ್ಯಾಬಿನವರು ಒಟ್ಟಿಗೆ ಕೂತರು. ಇವನ ವಿದ್ಯಾರ್ಥಿಗಳು ಬೆಸುಗೆ ಹಾಕುವುದನ್ನು ಕಲಿತರು. ಅವಳ ವಿದ್ಯಾರ್ಥಿಗಳು ಅಲೆಗಳನ್ನು ಓದುವುದನ್ನು ಕಲಿತರು. ಜಗಳವಾಡಿದರು. ಒಮ್ಮೆ ಪಟ್ಟಿ ತಪ್ಪು ಗಳಿಗೆಯಲ್ಲಿ ತಟ್ಟಿ ಹೆಂಗಸು ಮುಗ್ಗರಿಸಿದಳು. ಎಲ್ಲರೂ ಹಿಡಿಯಲು ಓಡಿದರು. ಅವಳು ಗೋಡೆ ಹಿಡಿದು ಸಾವರಿಸಿಕೊಂಡು, ‘ಇನ್ನೊಮ್ಮೆ ಕಟ್ಟಿ’ ಎಂದಳು.

ಕೊನೆಗೊಂದು ಬೆಳಿಗ್ಗೆ ತಲೆಗೆ ಟೋಪಿ, ಕಾಲಿಗೆ ಪಟ್ಟಿ ಹಾಕಿಕೊಂಡು ಅವಳು ಉದ್ದನೆಯ ಕಾರಿಡಾರಿನಲ್ಲಿ ಹೊರಟಳು. ಅಲೆ ಎದ್ದಿತು. ಪಟ್ಟಿ ತಟ್ಟಿತು. ಕಾಲು ಹೆಜ್ಜೆ ಕಿತ್ತಿತು. ಮತ್ತೆ ಅಲೆ, ಮತ್ತೆ ಹೆಜ್ಜೆ. ವಿದ್ಯಾರ್ಥಿಗಳು ಅವಳ ಹಿಂದೆ ನಡೆದರು, ಆಮೇಲೆ ಓಡಿದರು. ಅವರ ಕೇಕೆಗೆ ಇಡೀ ಕಟ್ಟಡವೇ ಹೊರಗೆ ಬಂದು ನಿಂತಿತು. ಸಂಶೋಧಕನೂ ಎಂಜಿನಿಯರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮಕ್ಕಳಂತೆ ಕುಣಿದರು.”

ಶಾಹಿದಾಳಿಗೂ ಕುಣಿಯಬೇಕೆನಿಸಿತು. ಆದರೂ ಕೇಳದಿರಲಾಗಲಿಲ್ಲ. “ಆ ಶೋಧ ಕೊನೆಗೆ ಯಾರದೆಂದು ತೀರ್ಮಾನವಾಯಿತು, ಮೇಡಂ?”

“ಆ ಹೆಂಗಸನ್ನೇ ಕೇಳೋಣವೆಂದು ಕೂಗಿದರು, ಅವಳು ನಿಲ್ಲಲಿಲ್ಲ.”