ಪಟೇಲ ಬೆಕ್ಕನ್ನು ಗದರಿದ ಕತೆ

"ಅಜ್ಜಿ, ಬಯಲಾಟದಲ್ಲಿ ಕ್ರೂರಿಯನ್ನು ಕಂಡು ಜನ ನಗುತ್ತಾರೆ. ಆಮೇಲೆ ಅವನಿಗಾಗಿ ಕಣ್ಣನ್ನೂ ಒರೆಸಿಕೊಳ್ಳುತ್ತಾರೆ. ಹಾಗೆ ಮರುಗಿದರೆ ಅವನ ತಪ್ಪನ್ನು ಮನ್ನಿಸಿದಂತೆ ಆಗುವುದಿಲ್ಲವೇ?" ಎಂದು ಶಿಷ್ಯೆ ನೀಲವ್ವ ಕೇಳಿದಳು.

ಆಟ ಕಲಿಸುವ ಸಂಕಮ್ಮಜ್ಜಿ ಪಕ್ಕದ ಚಾಪೆ ತಟ್ಟಿದಳು. "ಬಾ, ಇಲ್ಲಿ ಕೂತುಕೋ. ಮೊದಲು ಆ ಗೆಜ್ಜೆ ಬಿಚ್ಚಿಡು, ಸದ್ದಿಗೆ ನನ್ನ ಕತೆ ಬೆದರಿ ಓಡೀತು. ಹ್ಞಾಂ, ಈಗ ಕೇಳು" ಎಂದು ಶುರು ಮಾಡಿದಳು.

ಒಂದೂರಲ್ಲಿ ಒಬ್ಬ ಪಟೇಲನಿದ್ದ. ಅವನ ಬಾಗಿಲ ಮುಂದೆ ಹಾಯುವವರು ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ಹೋಗಬೇಕಿತ್ತು. ಒಬ್ಬ ಕುಂಬಾರನ ತಮ್ಮ ತಲೆಯ ಮೇಲೆ ಗಡಿಗೆ ಹೊತ್ತಿದ್ದ. ಬಗ್ಗಲಾಗದೆ ಹಾಗೆಯೇ ನಡೆದ. ಪಟೇಲ ಅವನ ಕಾಲು ಮುರಿಸಿದ. ಯಾಕೆಂದು ಕೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ.

ಆ ಊರಲ್ಲಿ ವರ್ಷಕ್ಕೊಮ್ಮೆ ಆಟ ಆಡುತ್ತಿದ್ದರು. ಬಣ್ಣ ಹಚ್ಚಿದವನು ಏನೇ ಅನ್ನಲಿ, ಅವನ ಮೈ ಮುಟ್ಟುವಂತಿಲ್ಲ. ಬಣ್ಣ ತೊಳೆದ ಮೇಲೆ ಆ ಮಾತು ಎತ್ತುವಂತಿಲ್ಲ. ಹಾಗೊಂದು ಕಟ್ಟುಪಾಡಿತ್ತು. ಕುಂಬಾರ ಕ್ರೂರ ರಾಜನ ಪಾತ್ರವನ್ನು ಕೇಳಿ ಪಡೆದ. ಪಟೇಲ ಎಂಥವನೆಂದು ತೋರಿಸಿಯೇ ಬಿಡಬೇಕು, ತಮ್ಮನಿಗೆ ನ್ಯಾಯ ಸಿಗಬೇಕು ಎಂಬುದೊಂದೇ ಅವನ ಹಟ.

ತಾಲೀಮಿನಲ್ಲಿ ಅವನು ಕಣ್ಣು ಕೆಕ್ಕರಿಸಿ ಅಬ್ಬರಿಸಿದ. ನೋಡುತ್ತಿದ್ದವರು ತಲೆ ತಗ್ಗಿಸಿದರು, ನಿಜವಾದ ಪಟೇಲನ ಮುಂದೆ ತಗ್ಗಿಸುವ ಹಾಗೆಯೇ.

ಆಟದ ಭಾಗವತ ನಕ್ಕುಬಿಟ್ಟ. "ಏನಪ್ಪಾ, ಊರಿಗೆ ಒಬ್ಬ ಪಟೇಲ ಸಾಲದೂಂತ ಇನ್ನೊಬ್ಬನನ್ನು ತಂದೆಯಾ? ಬೆತ್ತ ಕೆಳಗಿಟ್ಟಾಗ ಆ ಪಟೇಲ ಏನು ಮಾಡ್ತಾನೆ, ಹೋಗಿ ನೋಡಿ ಬಾ."

ಕುಂಬಾರ ಗಡಿಗೆ ಕೊಡುವ ನೆಪದಲ್ಲಿ ಪಟೇಲನ ಹಿತ್ತಿಲಿಗೆ ಹೋದ. ತವರಿಗೆ ಹೋದ ಪಟೇಲನ ಹೆಂಡತಿ ತಿರುಗಿ ಬಂದಿರಲಿಲ್ಲ. ಆಳುಗಳು ಕೆಲಸ ಮುಗಿದ ಮೇಲೆ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಪಟೇಲ ಒಬ್ಬನೇ ಇದ್ದ. ಒಂದು ಬೆಕ್ಕು ಅಡ್ಡ ಬಂತು. "ಏಯ್! ಯಾರ ಮನೆ ಇದು? ತಲೆ ತಗ್ಗಿಸಿ ನಡಿ!" ಎಂದು ಗುಡುಗಿದ. ಬೆಕ್ಕು ಅಲ್ಲೇ ಕೂತು ಹೊಟ್ಟೆ ನೆಕ್ಕಿಕೊಂಡಿತು. ಪಟೇಲ ಸುತ್ತ ನೋಡಿದ. ಮರೆಯಲ್ಲಿ ನಿಂತಿದ್ದ ಕುಂಬಾರ ಅವನಿಗೆ ಕಾಣಲಿಲ್ಲ. ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು, "ಹೋಗಬೇಡ ಕಣೇ, ನೀನಾದರೂ ಇರು. ಹಾಲು ಹಾಕ್ತೀನಿ" ಎಂದ. ಬೆಕ್ಕು ಬಾಲ ಎತ್ತಿಕೊಂಡು ಹೋಯಿತು.

ಕುಂಬಾರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಅರ್ಧ ದಾರಿಯಲ್ಲಿ ಆ ನಗು ಮರುಕವಾಯಿತು. ತಮ್ಮನ ಕಾಲು ಮುರಿಸಿದವನಿಗಾಗಿ ಮರುಗುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಮನೆಗೆ ಬಂದು ಕಂಡದ್ದನ್ನೆಲ್ಲ ತಮ್ಮನಿಗೆ ಹೇಳಿದ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದನ್ನೇ ಮಾಡು ಅಣ್ಣಾ. ಬೆಕ್ಕನ್ನು ಬಿಡಬೇಡ. ನನ್ನ ಕಾಲನ್ನೂ ಬಿಡಬೇಡ."

ಕುಂಬಾರ ಹಾಗೆಯೇ ಆಡಿದ. ರಾಜ ಮೊದಲು ಒಬ್ಬನ ಕಾಲು ಮುರಿಸಿದ. ಜನ ಉಸಿರು ಬಿಗಿಹಿಡಿದರು. ಆಮೇಲೆ ಬೆಕ್ಕನ್ನು ಗದರಿದ. ಜನ ಬಿದ್ದು ಬಿದ್ದು ನಕ್ಕರು. ಮುಂದೆ ಕೂತಿದ್ದ ಪಟೇಲನೂ ನಕ್ಕ. "ನೀನಾದರೂ ಇರು" ಎಂದಾಗ ಎಲ್ಲರ ನಗುವೂ ನಿಂತಿತು. "ಅಯ್ಯೋ ಪಾಪಿ, ನಿನಗೂ ಈ ಗತಿಯೇ" ಎಂದು ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಟೇಲ ಎದ್ದು ಹೋದ.

ಮರುದಿನ ತಮ್ಮ ಕೋಲೂರಿಕೊಂಡು, ಮೆಟ್ಟು ಮೆಟ್ಟಿಕೊಂಡೇ ಪಟೇಲನ ಬಾಗಿಲಿಗೆ ಹೋದ. ಊರಿನವರು ಹಿಂದೆ ನಿಂತರು. ಪಟೇಲ ಬೆತ್ತ ಎತ್ತಿದ. ಗುಂಪಿನಲ್ಲಿ ಯಾರೋ "ಮಿಯಾಂವ್" ಎಂದರು. ಎತ್ತಿದ ಕೈ ಅಲ್ಲೇ ನಿಂತಿತು.

"ಪಟೇಲರೇ, ನನ್ನ ಕಾಲು ಯಾಕೆ ಮುರಿಸಿದಿರಿ?" ಎಂದು ತಮ್ಮ ಕೇಳಿದ.

ಪಟೇಲ ಬೆತ್ತ ಕೆಳಗಿಟ್ಟು ಒಳಗೆ ಹೋದ.

ಮುಂದೆ ಪಟೇಲ ಬೆತ್ತ ಹಿಡಿಯಲಿಲ್ಲ. ಒಳ್ಳೆಯವನೂ ಆಗಲಿಲ್ಲ, ಕದ ಮುಚ್ಚಿಕೊಂಡೇ ಮುದುಕನಾದ. ತಮ್ಮನ ಕಾಲು ನೆಟ್ಟಗಾಗಲಿಲ್ಲ. ಕುಂಟುತ್ತಲೇ ಮದುವೆಯಾದ, ಕುಂಟುತ್ತಲೇ ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗಿದ. ಕುಂಬಾರ ಸಾಯುವ ತನಕ ಕ್ರೂರಿಗಳ ವೇಷವನ್ನೇ ಕಟ್ಟಿದ. ಬೆಕ್ಕು ಮಾತ್ರ ಯಾರ ಮನೆಯದೂ ಆಗಲಿಲ್ಲ.

"ಹಾಗಾದರೆ ಅಜ್ಜಿ, ಕಣ್ಣೊರೆಸಿಕೊಂಡ ಜನ ಅವನನ್ನು ಮನ್ನಿಸಲಿಲ್ಲವೇ?" ಎಂದು ನೀಲವ್ವ ಕೇಳಿದಳು.

"ರಾಕ್ಷಸನನ್ನು ಯಾರು ಯಾಕೆಂದು ಕೇಳುತ್ತಾರೆ ಮಗಳೇ, ಮನುಷ್ಯನೆಂದು ಗೊತ್ತಾದ ಮೇಲೆ ತಾನೇ ಕೇಳುವುದು?"

ನೀಲವ್ವ ಬಿಚ್ಚಿಟ್ಟಿದ್ದ ಗೆಜ್ಜೆಯನ್ನು ಮತ್ತೆ ಕಟ್ಟಿಕೊಂಡಳು.