ಹಲಸಿನಮ್ಮನ ಸೊಂಟದ ಕೂಸುಗಳು

“ಎಳೇ ಹಲಸಿನಕಾಯಿಗೆ ನಮ್ಮೂರಲ್ಲಿ ಏನೋ ಹೇಳ್ತಾರೆ... ಗು... ಗುಳ್ಳ? ಅಲ್ಲ, ಅದು ಬದನೆ. ಇರಲಿ, ನೆನಪಾದೀತು.”

ಪುತ್ತೂರು ಬಿಟ್ಟು ನಾಸಿಕಕ್ಕೆ ಬಂದ ಮೇಲೆ ಗುಲಾಬಿ ಅಜ್ಜಿಗೆ ಹೀಗೆ ಒಂದೊಂದೇ ಮಾತು ಜಾರುತ್ತಿತ್ತು. ಎದುರಿಗೆ ಮೊಮ್ಮಗಳು ಧೃತಿ ಮುಖ ಊದಿಸಿ ಕೂತಿದ್ದಳು. ಬೀದಿಬದಿ ನೆಡಲೆಂದು ಅವಳು ಒಯ್ದ ಹಲಸಿನ ಸಸಿಯನ್ನು, ಅಲ್ಲಿ ಗಿಡ ನೆಡಿಸುತ್ತಿದ್ದವರು, ಇದು ರಸ್ತೆಗೆ ಆಗುವುದಿಲ್ಲ ಎಂದು ವಾಪಸು ಕಳಿಸಿದ್ದರು.

“ಅದು ಕೆಟ್ಟ ಮರವಾ ಅಜ್ಜಿ?”

“ಛೆ! ಕೇಳು.”

ಲೋಕ ಇನ್ನೂ ಹಸಿಹಸಿಯಾಗಿತ್ತು. ಮರಗಳಿಗೆ ನಡೆಯಲು ಬರುತ್ತಿತ್ತು. ಆಗತಾನೇ ಹುಟ್ಟಿದ ದಾರಿ, “ಬಿಸಿಲಿಗೆ ಬೆನ್ನು ಸುಡುತ್ತಿದೆ, ಯಾರಾದರೂ ಬನ್ನಿ” ಎಂದು ಕೂಗಿತು. ಬೇವು ಬಂತು, ಹುಣಸೆ ಬಂತು, ಹಲಸೂ ಬಂತು. ಆಗ ಹಲಸು ಹಣ್ಣು ಬಿಡುತ್ತಿದ್ದದ್ದು ಮಾವಿನ ಹಾಗೆ ಕೊಂಬೆಯ ತುದಿಯಲ್ಲಿ.

“ತಲೆ ಮೇಲೆ ಬಂಡೆ ಹೊತ್ತು ಎಲ್ಲಿಗೆ ಸವಾರಿ?” ಹುಣಸೆ ನಕ್ಕಿತು.

“ನನ್ನ ನೆರಳು ನಿನ್ನದಕ್ಕಿಂತ ದಟ್ಟ ಮಾರಾಯ್ತಿ. ನನಗೂ ದಾರಿಹೋಕರ ಮುಖ ನೋಡುವಾಸೆ.”

ಒಂದು ಮಧ್ಯಾಹ್ನ ಸೊಪ್ಪಿನ ಹೊರೆ ಹೊತ್ತ ತಾಯಿಯೊಬ್ಬಳು ಬಂದಳು. ಹೊರೆ ಇಳಿಸಿ, ಹಲಸಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಕೂಸನ್ನು ಮಲಗಿಸಿ, ತಾನೂ ಬುಡಕ್ಕೆ ಒರಗಿದಳು. ಹಲಸಿಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಜೋಲಿಯ ನೇರ ಮೇಲಿದ್ದ ಹಣ್ಣಿನ ತೊಟ್ಟು ಸಡಿಲವಾಯಿತು.

“ಗಾಳಿಯಣ್ಣಾ, ನಿಲ್ಲು!”

“ನಿಂತರೆ ನಾನು ಗಾಳಿಯೇ ಅಲ್ಲವಲ್ಲ ತಂಗಿ. ಒಂದು ಉಸಿರು ತಡೆದೇನು, ಅಷ್ಟೆ.”

ಆ ಒಂದು ಉಸಿರಿನಲ್ಲೇ ಹಲಸು ಕೂಸಿನ ಮೂಗಿನ ಮೇಲೆ ಎಲೆಯೊಂದನ್ನು ಉದುರಿಸಿತು. ಕೂಸು ಕಿಟಾರನೆ ಅತ್ತಿತು. ತಾಯಿ ದಡಬಡಿಸಿ ಎದ್ದು ಎತ್ತಿಕೊಂಡಳು. ಧೊಪ್! ಹಣ್ಣು ಬರಿಯ ಜೋಲಿಯನ್ನು ಹರಿದುಕೊಂಡು ನೆಲಕ್ಕೆ ಬಿತ್ತು.

ಹಲಸು ಬಿಕ್ಕಿ ಬಿಕ್ಕಿ ಅತ್ತಿತು. ಅದರ ಕಣ್ಣೀರು ಅಂಟಂಟಾಗಿ ಇಳಿಯಿತು.

ತಾಯಿ ಬೈಯಲಿಲ್ಲ. “ಹುಚ್ಚೀ, ಮಕ್ಕಳನ್ನು ಯಾರಾದರೂ ತುದಿಬೆರಳಲ್ಲಿ ತೂಗುತ್ತಾರಾ? ನೋಡು, ಹೀಗೆ” ಎಂದು ಕೂಸನ್ನು ಸೊಂಟಕ್ಕೆ ಏರಿಸಿ ತೋರಿಸಿದಳು. “ಈ ದಾರಿ ನಿನಗಲ್ಲ. ನನ್ನ ಹಿತ್ತಿಲಿಗೆ ಬಾ. ಹಣ್ಣು ಬಲಿತಾಗ ತಟ್ಟಿ ನೋಡಿ ನಾನೇ ಇಳಿಸಿಕೊಳ್ತೇನೆ.”

ಹಲಸು ಒಮ್ಮೆ ದಾರಿಯ ಕಡೆ ತಿರುಗಿ ನೋಡಿತು. ಆಮೇಲೆ ಅವಳ ಹಿಂದೆ ನಡೆಯಿತು.

ಅದಕ್ಕೇ ಇವತ್ತಿಗೂ ಹಲಸಿಗೆ ಬೀದಿಗಿಂತ ಹಿತ್ತಿಲೇ ಹಿತ. ಅದಕ್ಕೇ ಅದು ತನ್ನ ಕಾಯಿಗಳನ್ನು ಕೊಂಬೆಯ ತುದಿಗೆ ಬಿಡದೆ ಬೊಡ್ಡೆಗೇ ಅವುಚಿಕೊಂಡಿರುತ್ತದೆ.

ಧೃತಿ ಎದ್ದು ಸಸಿಯ ಕುಂಡವನ್ನು ಸೊಂಟಕ್ಕೆ ಏರಿಸಿಕೊಂಡಳು. “ಬಾ, ನಮ್ಮ ಹಿತ್ತಿಲಿಗೆ ಹೋಗೋಣ” ಎಂದು ಅದಕ್ಕೆ ಹೇಳಿದಳು.

“ಗುಜ್ಜೆ!” ಅಜ್ಜಿ ಹಿಂದಿನಿಂದ ಕೂಗಿದಳು. “ಎಳೇ ಹಲಸಿನಕಾಯಿಗೆ ಗುಜ್ಜೆ ಅಂತ ಹೇಳ್ತಾರೆ ಮಗಾ! ನೆಟ್ಟು ಬಂದು ಕೈ ತೊಳೆದು, ನಾನು ಮತ್ತೆ ಮರೆಯುವ ಮೊದಲು ಬರೆದಿಡು.”