ಪ್ರಿಂಟರಮ್ಮನ ಹಳೆಯ ವಿಳಾಸ

ದೊಡ್ಡ ಆಸ್ಪತ್ರೆಯಿಂದ ಹೆರಿಗೆ ಆಸ್ಪತ್ರೆಯ ರಕ್ತನಿಧಿಗೆ ಪ್ರಿಂಟರಮ್ಮ ಬಂದು ಕೂತಳು.

"ತಾಯಿ, ನಿಮ್ಮ ಐಪಿ ವಿಳಾಸದ ನಂಬರು ಹಳೆಯ ಮನೆಯದು. ಇಲ್ಲಿಯದನ್ನು ಹಾಕಿಕೊಳ್ಳಿ," ಎಂದಿತು ರೌಟರ್.

"ದುಡಿದು ಹೆಸರು ಮಾಡಿದ ವಿಳಾಸ ಕಣಯ್ಯ! ನಿನ್ನೆ ಮೊನ್ನೆ ಗೋಡೆ ಹತ್ತಿದವನು ನನಗೆ ಬುದ್ಧಿ ಹೇಳುತ್ತೀಯಾ? ಬೇಕಾದವರು ಹುಡುಕಿಕೊಂಡು ಬರುತ್ತಾರೆ."

ಅಷ್ಟರಲ್ಲಿ ಹೆರಿಗೆ ಕೋಣೆಯ ಕಂಪ್ಯೂಟರ್ ಕೂಗಿಕೊಂಡಿತು: "ಬಾಣಂತಿಗೆ ರಕ್ತ ಬೇಕು! ಚೀಟಿ ಕಳಿಸಿದ್ದೇನೆ!"

ಪ್ರಿಂಟರಮ್ಮ ಹಾಳೆ ಕಚ್ಚಿಕೊಂಡು ಕಾದಳು. ಒಂದು ಅಕ್ಷರವೂ ಬರಲಿಲ್ಲ.

"ಎಲ್ಲಯ್ಯಾ ಚೀಟಿ?"

"ಈ ಮನೆಯ ಬಾಗಿಲು ಬಡಿಯುತ್ತಿದೆ ತಾಯಿ," ಎಂದಿತು ರೌಟರ್. " ಒಳಗೆ ನೀವೇ ಇಲ್ಲ."

ಅವಳು ಬಿಗುಮಾನ ನುಂಗಿದಳು. "ಕೊಡಪ್ಪ ನಿನ್ನ ನಂಬರು, ಬೇಗ!"

ಹಾಕಿಕೊಂಡದ್ದೇ ತಡ, ಚೀಟಿ ಹೊರಬಿತ್ತು. ನರ್ಸು ರಕ್ತದ ಚೀಲ ಹಿಡಿದು ಓಡಿದಳು. ಬಾಣಂತಿ ಉಳಿದಳು.

ಮೂಲೆಯ ಫ್ರಿಜ್ಜು ಬಾಗಿಲು ಮುಚ್ಚಿಕೊಳ್ಳುತ್ತಾ ಹೇಳಿತು: "ಬೆಳಗಿನಿಂದ ಇಲ್ಲೇ ಕೂತಿದ್ದಿರಿ ಅಮ್ಮಾ, ಬಂದದ್ದು ಮಾತ್ರ ಈಗ."